ಮಹಾಂತೇಶನ ಫೋಲ್ಡರು

ಮಹಾಂತೇಶ ಕೆಟ್ಟ ಮನುಷ್ಯನಲ್ಲ. ಈ ಮಾತನ್ನು ಈಗಲೇ ಹೇಳಿಬಿಡುವುದು ವಾಸಿ. ಕಥೆ ಅರ್ಧಕ್ಕೆ ಬಂದ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಹೂಟಗಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಅವನಿಗೆ ಕೆಲಸ. ಕೆಳಗಡೆ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆ, ಮೇಲಿನ ಮಹಡಿಯಲ್ಲಿ ಇವರು. ಕೆಳಗೆ ಮೆಷಿನ್ನು ಬಡಿದಾಗಲೆಲ್ಲ ಮೇಲೆ ಕಂಪ್ಯೂಟರುಗಳು ಸಂಗೀತ ಕೇಳುವ ರಸಿಕರ ಹಾಗೆ ತಲೆದೂಗುತ್ತಿದ್ದವು. ಅಕ್ಕಿ ಗಿರಣಿ, ಗ್ಯಾರೇಜು, ಕಲ್ಯಾಣ ಮಂಟಪ ಇಂಥವರಿಗೆ ಬೇಕಾದ ಸಾಫ್ಟ್‌ವೇರ್ ಬರೆದುಕೊಡುವುದು ಕಂಪನಿಯ ಕಸುಬು. ಮಾಲೀಕ ಸುದರ್ಶನ ಮಾತಿನಲ್ಲಿ ಮರಳಿನಿಂದ ಎಣ್ಣೆ ತೆಗೆಯುವವನು; ಕಂಪ್ಯೂಟರಿನ ಒಳಗೇನಿದೆ ಎಂಬುದು ಮಾತ್ರ ಅವನಿಗೆ ತಿಳಿಯದು. ಮಹಾಂತೇಶ ಸಂಬಳ ಹೆಚ್ಚಿಸಿ ಎಂದು ಕೇಳಿದಾಗಲೆಲ್ಲ ಸುದರ್ಶನ ಅವನ ಹುದ್ದೆಯ ಹೆಸರನ್ನು ಹೆಚ್ಚಿಸುತ್ತ ಬಂದಿದ್ದ. ಹೀಗೆ ಹೆಚ್ಚಿ ಹೆಚ್ಚಿ, ನಲವತ್ತು ದಾಟುವ ಹೊತ್ತಿಗೆ ಮಹಾಂತೇಶ 'ಸೀನಿಯರ್ ಸಿಸ್ಟಮ್ಸ್ ಆರ್ಕಿಟೆಕ್ಟ್' ಆಗಿದ್ದ.

ಅದನ್ನು ಅವನು ಹಿತ್ತಾಳೆ ಫಲಕದಲ್ಲಿ ಕೆತ್ತಿಸಿ ರಾಮಕೃಷ್ಣನಗರದ ತನ್ನ ಮನೆಯ ಗೇಟಿಗೆ ತಗುಲಿಸಿದ. ಮಾರನೆಯ ದಿನವೇ ಪಕ್ಕದ ಮನೆಯ ಇಂದ್ರಮ್ಮ ಒಂದು ನಕ್ಷೆ ಸುರುಳಿ ಸುತ್ತಿಕೊಂಡು ಬಂದರು.

"ಆರ್ಕಿಟೆಕ್ಟ್ ಅಂತ ಬೋರ್ಡ್ ನೋಡ್ದೆ ಕಣಪ್ಪ. ನಮ್ಮ ಮೇಲ್ಗಡೆ ಮನೆ ಪ್ಲಾನು. ಅಡುಗೆಮನೆ ಆಗ್ನೇಯಕ್ಕೆ ಬರ್ತಾನೇ ಇಲ್ಲ. ಒಂಚೂರು ನೋಡಿ ಹೇಳು."

ತಾನು ಆ ಜಾತಿಯ ಆರ್ಕಿಟೆಕ್ಟ್ ಅಲ್ಲ ಎನ್ನಲು ಮಹಾಂತೇಶನಿಗೆ ಒಂದು ನಿಮಿಷ ಸಾಕಿತ್ತು. ಅವನು ಹಾಗೆನ್ನಲಿಲ್ಲ. ನಕ್ಷೆಯನ್ನು ಬಿಚ್ಚಿ, ಹುಬ್ಬು ಗಂಟಿಕ್ಕಿ, ಪೆನ್ಸಿಲು ತಿರುಗಿಸಿ, "ಬಚ್ಚಲುಮನೆನ ಒಂದಡಿ ಈ ಕಡೆ ತಳ್ಳಿ, ಎಲ್ಲಾ ಸರಿಹೋಗುತ್ತೆ" ಎಂದ. ಇಂದ್ರಮ್ಮ ತಳ್ಳಿಸಿದರು. ಈಗ ಆ ಬಚ್ಚಲುಮನೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಒಳಗೆ ಹೋಗುವವರು ಅಡ್ಡಡ್ಡ ಹೋಗಬೇಕು. 'ನನಗೆ ಗೊತ್ತಿಲ್ಲ' ಎನ್ನುವ ಮಾತು ಮಹಾಂತೇಶನ ನಾಲಗೆಗೆ ಹತ್ತುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಒಂದೇ ಒಂದು ಸಲ ಹತ್ತಿತು. ಅದೇ ಈ ಕಥೆ.

ದಟ್ಟಗಳ್ಳಿ ಕಡೆಯ ಒಂದು ಕಲ್ಯಾಣ ಮಂಟಪಕ್ಕೆ ಅವನು ಬಹಳ ಹಿಂದೆಯೇ ಬುಕಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದ. ಅದು ಅವನ ಮೊದಲ ಕೃತಿ, ಚೊಚ್ಚಲ ಮಗುವಿನಂತೆ. ಯಾವ ಮುಹೂರ್ತಕ್ಕೆ ಯಾರು ಮಂಟಪ ಹಿಡಿದಿದ್ದಾರೆ ಎಂಬ ವಿವರವೆಲ್ಲ ಹೂಟಗಳ್ಳಿ ಆಫೀಸಿನ ದೊಡ್ಡ ಕಂಪ್ಯೂಟರಿನೊಳಗೆ ಒಂದು ಫೋಲ್ಡರಿನಲ್ಲಿ ಕೂತಿರುತ್ತಿತ್ತು. ಮನೆ ಕಟ್ಟಿಸಿದವರು ಅದಕ್ಕೆ ತಾಯಿಯ ಹೆಸರಿಡುತ್ತಾರೆ, ಮನೆದೇವರ ಹೆಸರಿಡುತ್ತಾರೆ. ಮಹಾಂತೇಶ ಅಷ್ಟು ದೂರ ಹೋಗದೆ ಆ ಫೋಲ್ಡರಿಗೆ ತನ್ನ ಹೆಸರನ್ನೇ ಇಟ್ಟಿದ್ದ. ಆ ಫೋಲ್ಡರು ಎಲ್ಲಿದೆ ಎಂಬ ವಿಳಾಸಕ್ಕೆ ಅವರ ಭಾಷೆಯಲ್ಲಿ 'ಪಾತ್' ಎನ್ನುತ್ತಾರೆ. ಆ ಪಾತನ್ನು ಪ್ರೋಗ್ರಾಮಿನ ಉದ್ದಕ್ಕೂ, ಬೇಕಾದ ಕಡೆಯಲ್ಲೆಲ್ಲ, ರಾಮಕೋಟಿ ಬರೆದ ಹಾಗೆ ಬರೆದಿದ್ದ. ಸಾಲದ್ದಕ್ಕೆ ಒಂದು ಜಾಣತನವನ್ನೂ ಸೇರಿಸಿದ್ದ. ಆ ಹೆಸರಿನ ಫೋಲ್ಡರು ಸಿಗದಿದ್ದರೆ ಪ್ರೋಗ್ರಾಮು ಬಾಯಿ ಬಡಿದುಕೊಳ್ಳದೆ, ಅದೇ ಹೆಸರಿನ ಹೊಸ ಖಾಲಿ ಫೋಲ್ಡರೊಂದನ್ನು ತಾನೇ ಮಾಡಿಕೊಂಡು ಮುಂದೆ ನಡೆಯಬೇಕು. ಗಿರಾಕಿಯ ಕಣ್ಣಿಗೆ ತಪ್ಪು ಕಾಣಿಸಬಾರದು ಎಂಬುದು ಅವನ ಆಗಿನ ಸಿದ್ಧಾಂತ. ಈ ಸಾಲನ್ನು ಬರೆದ ವರ್ಷವೇ ಅವನು ಅದನ್ನು ಮರೆತೂಬಿಟ್ಟ.

ಕಳೆದ ವರ್ಷ ಲಾಸ್ಯ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಮಾತು ಕಡಿಮೆ, ಕೇಳುವ ಪ್ರಶ್ನೆ ಮಾತ್ರ ನೇರ. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಅವಳು ಮಹಾಂತೇಶನ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ಮಂಟಪದ ಪ್ರೋಗ್ರಾಂ ನೋಡ್ತಾ ಇದ್ದೆ. ನನ್ನ ಕಂಪ್ಯೂಟರಲ್ಲೂ ನಿಮ್ಮ ಹೆಸರಿಂದು ಒಂದು ಫೋಲ್ಡರ್ ಬಂದು ಕೂತಿದೆ."

"ಎಲ್ಲರ ಕಂಪ್ಯೂಟರಲ್ಲೂ ಇದೆ ಕಣಮ್ಮ" ಎಂದ ಮಹಾಂತೇಶ, ಮಠದ ಸ್ವಾಮಿಗಳ ಫೋಟೋ ಬಗ್ಗೆ ಹೇಳುವವನಂತೆ. "ಸುದರ್ಶನ್ ಸರ್ ಕಂಪ್ಯೂಟರಲ್ಲೂ ಇದೆ."

"ಅದೇ ಸರ್. ನಾಳೆ ಆ ಹೆಸರೋ ಜಾಗವೋ ಬದಲಾದ್ರೆ ಪ್ರೋಗ್ರಾಮಿಗೆ ಹಳೇದೇನೂ ಸಿಗಲ್ಲ. ಪಾತನ್ನ ಎಲ್ಲ ಕಡೆ ಬರೆಯೋ ಬದಲು ಒಂದು ವೇರಿಯಬಲ್‌ನಲ್ಲಿ ಇಡೋಣ. ವಿಳಾಸ ಒಂದೇ ಕಡೆ ಇರುತ್ತೆ, ಮಿಕ್ಕವರೆಲ್ಲ ಅಲ್ಲಿ ಕೇಳ್ಕೊಂಡು ಹೋಗ್ತಾರೆ. ಬದಲಾದ್ರೆ ಅಲ್ಲೊಂದು ಕಡೆ ತಿದ್ದಿದ್ರೆ ಸಾಕು. ಸುದರ್ಶನ್ ಸರ್‌ನ ಕೇಳ್ದೆ, ನಿಮ್ಮನ್ನ ಕೇಳಿ ಮಾಡು ಅಂದ್ರು."

ಮಹಾಂತೇಶ ಕುರ್ಚಿಗೆ ಒರಗಿದ. "ಲಾಸ್ಯ, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಈ ಹೆಸರು ಬದಲಾಗೋದು ಅಂದ್ರೇನು? ನಮ್ಮಪ್ಪ ಇಟ್ಟ ಹೆಸರು. ಸೂರ್ಯ ಚಂದ್ರ ಇರೋವರ್ಗೂ ಇರುತ್ತೆ. ಅದನ್ನ ಮುಟ್ಬೇಡ."

ಲಾಸ್ಯ ಮುಟ್ಟಲಿಲ್ಲ. ಸೂರ್ಯ ಚಂದ್ರ ಇದ್ದಲ್ಲೇ ಇದ್ದರು. ಹೆಸರು ಮಾತ್ರ ಆ ತಿಂಗಳೇ ಬದಲಾಯಿತು.

ಆದದ್ದಿಷ್ಟು. ಕಂಪನಿಯಲ್ಲಿ 'ಟೆಕ್ನಿಕಲ್ ಹೆಡ್' ಎಂಬ ಹೊಸ ಹುದ್ದೆ ಮಾಡುತ್ತೇನೆಂದು ಸುದರ್ಶನ ಹೇಳಿದ. ಅದಕ್ಕೊಂದು ಗಾಜಿನ ಕೋಣೆಯೂ ಇತ್ತು, ಕೋಣೆಗೆ ಬಾಗಿಲೂ ಇತ್ತು. ಮಹಾಂತೇಶನ ಮನಸ್ಸು ಆ ಬಾಗಿಲಿಗೆ ಸಿಕ್ಕಿಕೊಂಡಿತು. ಅವನು ಕುವೆಂಪುನಗರದಲ್ಲಿ ಬೇಕರಿಯೊಂದರ ಮೇಲೆ ಕೂರುತ್ತಿದ್ದ ಸಂಖ್ಯಾಶಾಸ್ತ್ರಿ ವಾಗೀಶರ ಬಳಿಗೆ ಹೋದ. ಕೆಳಗಿನಿಂದ ಬರುವ ಬನ್ನಿನ ವಾಸನೆಯ ನಡುವೆ ವಾಗೀಶರು ಅವನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಕೂಡಿ, ಕಳೆದು, ತಲೆಯಾಡಿಸಿದರು.

"ನಿಮ್ಮ ಹೆಸರಲ್ಲಿ ಶನಿ ಕಾಲು ಚಾಚ್ಕೊಂಡು ಮಲಗಿದ್ದಾನೆ ಸ್ವಾಮಿ. ಮಧ್ಯದಲ್ಲಿ ಒಂದು 'ಎ' ಹಾಕಿ, 'ಟಿ' ಆದ್ಮೇಲೆ ಒಂದು 'ಎಚ್' ಹಾಕಿ. ಎದ್ದು ಹೋಗ್ತಾನೆ. ಒಂದು ಮಾತು, ಹಳೇ ಸ್ಪೆಲಿಂಗ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬದಲಾಗ್ಬೇಕು. ಒಂದು ಕಡೆ ಉಳಿದ್ರೂ ಅಲ್ಲಿಂದ ಅದೃಷ್ಟ ಸೋರಿಹೋಗುತ್ತೆ."

ಗೇಟಿನ ಫಲಕ ಬದಲಾಯಿತು. ಅದನ್ನು ನೋಡಿದ ಇಂದ್ರಮ್ಮ ಓಡಿಬಂದು, "ಬೋರ್ಡಿನವನು ಸ್ಪೆಲಿಂಗ್ ಕೆಡಿಸ್‌ಬುಟ್ಟವ್ನೆ ಕಣಪ್ಪ, ದುಡ್ಡು ಕೊಡ್ಬೇಡ ಅವನಿಗೆ" ಎಂದು ಎಚ್ಚರಿಸಿದರು. ಮಾವ ವೃಷಭೇಂದ್ರಪ್ಪನವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಮಾತು ಅಳೆದು ಆಡುವವರು. ಮಗಳ ಮನೆಗೆ ಬಂದವರು ಗೇಟಿನ ಮುಂದೆ ಬಹಳ ಹೊತ್ತು ನಿಂತಿದ್ದು ಒಳಗೆ ಬಂದರು.

"ಅಳಿಯಂದ್ರೇ, ಕನ್ನಡದಲ್ಲಿ ಬರೆದ್ರೆ ಮೊದಲಿದ್ದ ಹೆಸರೇ ಅಲ್ವೇ ಇದು?"

"ಹೌದು ಮಾವ. ಆದ್ರೆ ಇದರ ಲೆಕ್ಕ ನಡೆಯೋದು ಇಂಗ್ಲಿಷ್‌ನಲ್ಲಿ."

"ಸರಿ ಸರಿ. ಶನಿಮಹಾತ್ಮ ಕಾನ್ವೆಂಟಲ್ಲಿ ಓದಿದಾನೆ ಅಂತ ನನಗೆ ತಿಳೀದು" ಎಂದು ವೃಷಭೇಂದ್ರಪ್ಪನವರು ಕಾಫಿ ಕುಡಿದು ಎದ್ದರು.

ಹೆಂಡತಿ ವಾಣಿಗೆ ಫಲಕ ನೋಡಲೂ ಪುರುಸೊತ್ತಿರಲಿಲ್ಲ. ಅವಳ ತಂಗಿ ನಿಶ್ಚಿತಾಳ ಮದುವೆ ಮಾಘ ಮಾಸಕ್ಕೆ ಗೊತ್ತಾಗಿತ್ತು. ತಲೆಯ ತುಂಬ ಸೀರೆ, ಬಳೆ, ಕರೆಯುವವರ ಹೆಸರು. ಮಂಟಪವನ್ನು ಶ್ರಾವಣದಲ್ಲೇ ಮಹಾಂತೇಶ ಹಿಡಿಸಿಕೊಟ್ಟಿದ್ದ. "ನನ್ನ ಸಾಫ್ಟ್‌ವೇರ್ ಇರೋ ಮಂಟಪ. ಕಣ್ಣು ಮುಚ್ಕೊಂಡು ಇರಿ ಮಾವ" ಎಂದು ಎದೆ ತಟ್ಟಿ ಹೇಳಿದ್ದ. ಪಾಪ, ಅವರು ಕಣ್ಣು ಮುಚ್ಚಿಕೊಂಡೇ ಇದ್ದರು.

ಒಂದು ಗುರುವಾರ, ರಾಹುಕಾಲ ಕಳೆದ ಮೇಲೆ, ಮಹಾಂತೇಶ ಆಫೀಸಿನ ದೊಡ್ಡ ಕಂಪ್ಯೂಟರಿನಲ್ಲಿದ್ದ ತನ್ನ ಫೋಲ್ಡರಿನ ಸ್ಪೆಲಿಂಗನ್ನೂ ತಿದ್ದಿದ. ಒಂದು 'ಎ', ಒಂದು 'ಎಚ್'. ಎಂಟರ್ ಒತ್ತಿ ಕೈ ಮುಗಿದ.

ಮಾರನೆಯ ಬೆಳಿಗ್ಗೆ ಬಂದು ನೋಡಿದರೆ, ಹೊಸ ಹೆಸರಿನ ಫೋಲ್ಡರಿನ ಕೆಳಗೇ ಹಳೆಯ ಹೆಸರಿನ ಫೋಲ್ಡರು ಕೂತಿತ್ತು. ಅಳಿಸಿದ. ಮಧ್ಯಾಹ್ನ ಊಟ ಮಾಡಿ ಬಂದರೆ ಮತ್ತೆ ಅಲ್ಲೇ. ಮತ್ತೆ ಅಳಿಸಿದ. ಸಂಜೆಗೆ ಮತ್ತೆ. ಮಂಟಪದಲ್ಲಿ ಯಾರೋ ಸಾಫ್ಟ್‌ವೇರ್ ತೆರೆದಾಗಲೆಲ್ಲ ಪ್ರೋಗ್ರಾಮು ತನ್ನ ಹಳೆಯ ಫೋಲ್ಡರನ್ನು ಹುಡುಕಿ, ಸಿಗದೆ, ಅವನೇ ಎಂದೋ ಕಲಿಸಿದ ಹಾಗೆ ಹೊಸದೊಂದನ್ನು ಹೆತ್ತುಕೊಳ್ಳುತ್ತಿದೆ ಎಂಬುದು ಬೇರೆ ಯಾರದೋ ಪ್ರೋಗ್ರಾಮಾಗಿದ್ದರೆ ಅವನಿಗೆ ಕೂಡಲೇ ಹೊಳೆಯುತ್ತಿತ್ತು. ಆದರೆ ಅವನ ತಲೆಯಲ್ಲಿ ಆಗ ಗ್ರಹಗಳೇ ಕಿಕ್ಕಿರಿದಿದ್ದವು. ಅವನು ಬೇಕರಿಯ ಮೆಟ್ಟಿಲು ಹತ್ತಿದ.

"ಹಳೇ ಹೆಸರು ಅಷ್ಟು ಸುಲಭಕ್ಕೆ ಬಿಡುತ್ತೇನ್ರೀ?" ಎಂದರು ವಾಗೀಶರು. "ನಲವತ್ತು ವರ್ಷ ಅನ್ನ ತಿಂದಿದೆ. ಇನ್ಮೇಲೆ ಅದನ್ನ ಅಳಿಸ್ಬೇಡಿ, ಕೆಣಕಬೇಡಿ, ಆ ಕಡೆ ತಿರುಗಿನೂ ನೋಡ್ಬೇಡಿ. ತಾನಾಗೇ ಸೊರಗಿ ಹೋಗುತ್ತೆ."

ಮಹಾಂತೇಶ ಆ ಕಡೆ ತಿರುಗಿ ನೋಡಲಿಲ್ಲ.

ನೋಡಿದವನು ಮಂಟಪದ ಮ್ಯಾನೇಜರ್ ರೇವಣಸಿದ್ದ. ಹಳೆಯ ಮ್ಯಾನೇಜರು ಬಿಟ್ಟು ಹೋದ ಮೇಲೆ ಹೊಸದಾಗಿ ಬಂದವನು. ಕಂಪ್ಯೂಟರ್ ಹೇಳಿದ್ದನ್ನು ದೇವರು ಹೇಳಿದ್ದಕ್ಕಿಂತ ಒಂದು ಕೂದಲು ಹೆಚ್ಚು ನಂಬುವವನು. ಅವನು ಫೋನ್ ಮಾಡಿದ.

"ಸಾರ್, ಇದೇನ್ ಸಾರ್ ಗ್ರಹಚಾರ! ಕಂಪ್ಯೂಟರ್ ತಗುದ್ ನೋಡಿದ್ರೆ ಮಾಘದಲ್ಲಿ ಒಂದ್ ಮದ್ವೆನೂ ಇಲ್ಲ. ಜನ ಮದ್ವೆ ಆಗೋದೇ ಬಿಟ್‌ಬುಟ್ರಾ?"

ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ಮಹಾಂತೇಶ ಒಂದು ನಿಟ್ಟುಸಿರು ಬಿಟ್ಟ. "ಕಾಲ ಬದಲಾಯ್ತು ರೇವಣಸಿದ್ದ ಅವರೇ. ಈಗೆಲ್ಲ ರೆಸಾರ್ಟಲ್ಲಿ ಮದುವೆ. ಎಲ್ಲ ಮಂಟಪದ ಹಣೆಬರಹನೂ ಇಷ್ಟೇ."

"ಹಂಗಾರೆ ಏನ್ ಮಾಡೋದ್ ಸಾರ್?"

"ಪ್ರಚಾರ ಮಾಡಿ. ಬ್ಯಾನರ್ ಕಟ್ಟಿ."

ರೇವಣಸಿದ್ದ ವಿಧೇಯ. ದಟ್ಟಗಳ್ಳಿಯಿಂದ ಮೇಟಗಳ್ಳಿಯವರೆಗೆ 'ಮಾಘ ಮಾಸದ ಎಲ್ಲ ಮುಹೂರ್ತಗಳೂ ಖಾಲಿ ಇವೆ' ಎಂದು ಬ್ಯಾನರ್ ಕಟ್ಟಿಸಿದ. ಒಂದು ಬ್ಯಾನರಿನ ಕೆಳಗಿನಿಂದ ಮಹಾಂತೇಶ ದಿನವೂ ಸ್ಕೂಟರಿನಲ್ಲಿ ಹೋಗುತ್ತಿದ್ದ. ಅಕ್ಷರ ದೊಡ್ಡದಾಗಿದೆ, ಚೆನ್ನಾಗಿದೆ ಎಂದುಕೊಳ್ಳುತ್ತಿದ್ದ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹೆಣ್ಣಿನ ಕಡೆಯವರ ವ್ಯಾನು ಮಂಟಪದ ಮುಂದೆ ಬಂದು ನಿಂತಿತು. ವೃಷಭೇಂದ್ರಪ್ಪನವರು ರೇಷ್ಮೆ ಶಲ್ಯ ಸರಿಮಾಡಿಕೊಂಡು ಇಳಿದರು. ಬಾಗಿಲಲ್ಲಿ ಹೂವಿನ ಕಮಾನು ಆಗಲೇ ಎದ್ದಿತ್ತು. ಅವರು ಸಂತೋಷದಿಂದ ತಲೆಯೆತ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು.

"ಅಳಿಯಂದ್ರೇ, ನಿಶ್ಚಿತಾಳ ಸ್ಪೆಲಿಂಗೂ ಬದಲಾಯಿಸಿದ್ರಾ?"

ಕಮಾನಿನ ಮೇಲೆ ಇದ್ದದ್ದು ಬೇರೆ ಹುಡುಗಿಯ ಹೆಸರು, ಬೇರೆ ಹುಡುಗನ ಹೆಸರು. ಒಳಗೆ ಬೇರೆ ಯಾರದೋ ವಾಲಗ ನಡೆಯುತ್ತಿತ್ತು. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹೆಂಗಸೊಬ್ಬಳು ಇವರಿಗೂ ಚಿಮುಕಿಸಿ, ಸಕ್ಕರೆ ಕೊಟ್ಟು, "ಗಂಡಿನ ಕಡೆಯವರಾ?" ಎಂದು ಕೇಳಿದಳು. ಒಳಗಿನಿಂದ ದಪ್ಪ ಮೀಸೆಯ, ನಗುಮುಖದ ಹಿರಿಯರೊಬ್ಬರು ಬಂದರು. ಮೇಟಗಳ್ಳಿಯ ಸಣ್ಣಮಾದಯ್ಯ, ಆ ಇನ್ನೊಂದು ಹುಡುಗಿಯ ತಂದೆ.

"ಬನ್ನಿ ಬನ್ನಿ, ಊಟ ಮಾಡಿ" ಎಂದರು.

"ಊಟ ಆಮೇಲೆ. ಈ ಮಂಟಪ ನಮ್ಮದು" ಎಂದರು ವೃಷಭೇಂದ್ರಪ್ಪನವರು.

"ನಾನೂ ಅಂಗೇ ಅಂದ್ಕೊಂಡಿವ್ನಿ ಸ್ವಾಮಿ."

"ನಾನು ಶ್ರಾವಣದಲ್ಲೇ ಹಿಡಿದಿದ್ದೀನಿ. ರಸೀದಿ ಇದೆ."

"ನಂತಾವೂ ಅದೆ. ಖಾಲಿ ಅದೆ ಬನ್ನಿ ಅಂತ ಊರ್ ತುಂಬಾ ಬ್ಯಾನರ್ ಕಟ್ಟಿ ಕರುದ್ರು, ಬಂದೊ. ಎಂಗೆ ತಪ್ಪಾಯ್ತದೆ?"

ರೇವಣಸಿದ್ದನನ್ನು ಎಳೆದು ತಂದರು. ಅವನು ಎರಡು ರಸೀದಿಗಳನ್ನೂ ಬೆಳಕಿಗೆ ಹಿಡಿದು ನೋಡಿದ. ಎರಡೂ ಅಸಲಿ. "ಕಂಪ್ಯೂಟರ್ ಖಾಲಿ ಅಂದ್ಮೇಲೆ ಖಾಲಿನೇ ಸಾರ್" ಎಂದ, ಅಳುವ ಧ್ವನಿಯಲ್ಲಿ. ಅಷ್ಟರಲ್ಲಿ ಇಬ್ಬರ ಅಡುಗೆಯವರೂ ಒಂದೇ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದರು. ನಿಶ್ಚಿತಾಳ ಸೋದರತ್ತೆ ಒಬ್ಬರು ಗದ್ದಲದಲ್ಲಿ ಒಳಗೆ ನುಗ್ಗಿ, ಸಣ್ಣಮಾದಯ್ಯನವರ ಮಗಳ ಗಲ್ಲ ಸವರಿ, "ಎಷ್ಟು ಸೊರಗಿಬಿಟ್ಟಿದ್ದೀಯೆ ನನ್ನ ಕಂದ" ಎಂದು ಕಣ್ಣೀರು ಹಾಕಿ, ತಂದ ಮಿಕ್ಸಿಯನ್ನು ಅವಳ ಕೈಗೇ ಕೊಟ್ಟು ಬಂದರು. ಆ ಹುಡುಗಿ ಪಾಪ, ಕಾಲಿಗೂ ಬಿದ್ದಳು.

ಕಡೆಗೆ ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ಒಂದು ರಾಜಿಯಾಯಿತು. ಸಣ್ಣಮಾದಯ್ಯನವರ ಕಡೆಯವರು ಬೆಳಿಗ್ಗೆಯಿಂದ ವೇದಿಕೆಗೆ ಹೂವು ಕಟ್ಟಿದ್ದರು. ಅದನ್ನು ಕೀಳುವುದು ಅಶುಭವೆಂದು ವೃಷಭೇಂದ್ರಪ್ಪನವರೇ ಅಂದರು. ವೇದಿಕೆ ಅವರಿಗೆ, ಊಟದ ಹಾಲ್ ಇವರಿಗೆ. ನಿಶ್ಚಿತಾಳ ಆರತಕ್ಷತೆಯೂ ಧಾರೆಯೂ ಊಟದ ಮೇಜುಗಳನ್ನು ಬದಿಗೆ ಸರಿಸಿ, ಕೈತೊಳೆಯುವ ನಲ್ಲಿಗಳ ಮುಂದೆ ನಡೆಯಬೇಕೆಂದು ತೀರ್ಮಾನವಾಯಿತು.

ಅರ್ಧ ಅಲಂಕಾರದಲ್ಲಿದ್ದ ನಿಶ್ಚಿತಾ, ಒಂದು ಕೈಗೆ ಮಾತ್ರ ಬಳೆ ತೊಟ್ಟು ಬಂದು ಭಾವನ ಮುಂದೆ ನಿಂತಳು.

"ಭಾವ, ನಿಮ್ಮ ಸಾಫ್ಟ್‌ವೇರ್ ಅಲ್ವಾ ಇದು?"

ಮಹಾಂತೇಶ ಅಡುಗೆಯವರನ್ನು ವಿಚಾರಿಸುವ ನೆಪದಲ್ಲಿ ಒಲೆಯ ಕಡೆ ನಡೆದ.

ಸುದ್ದಿ ತಿಳಿದು ಸುದರ್ಶನ ಕಾರಿನಲ್ಲಿ ಬಂದ. ಬರುವಾಗಲೇ ಲಾಸ್ಯಳಿಗೆ ಫೋನ್ ಮಾಡಿದ್ದ. ಅವಳು ಸ್ಕೂಟಿಯಲ್ಲಿ ಲ್ಯಾಪ್‌ಟಾಪ್ ತಂದು ರೇವಣಸಿದ್ದನ ಪುಟ್ಟ ಕೋಣೆಯಲ್ಲಿ ಕೂತಳು. ಅವಳ ಸುತ್ತ ಸುದರ್ಶನ, ರೇವಣಸಿದ್ದ, ಇಬ್ಬರು ಹೆಣ್ಣಿನ ತಂದೆಯರು, ಒಂದು ಕೈ ಬಳೆಯ ನಿಶ್ಚಿತಾ, ವಾಣಿ. ಬಾಗಿಲಿಗೆ ಒರಗಿ ಮಹಾಂತೇಶ.

ಲಾಸ್ಯ ಆಫೀಸಿನ ಕಂಪ್ಯೂಟರಿಗೆ ಸಂಪರ್ಕ ಮಾಡಿ ನೋಡಿದಳು. ನೋಡುತ್ತ ನೋಡುತ್ತ ಅವಳ ಕೈ ನಿಂತಿತು. ನಿಧಾನವಾಗಿ ಹೇಳಿದಳು:

"ಫೋಲ್ಡರ್ ಹೆಸರು ಬದಲಾಗಿದೆ. ಮುಂಚಿನ ಬುಕಿಂಗೆಲ್ಲ ಹೊಸ ಹೆಸರಿನ ಫೋಲ್ಡರಲ್ಲಿ ಭದ್ರವಾಗಿದೆ. ಪ್ರೋಗ್ರಾಂ ಮಾತ್ರ ಹಳೇ ಹೆಸರನ್ನೇ ಹುಡುಕ್ತಾ ಇದೆ. ಅಲ್ಲಿ ಈಚಿನ ಬುಕಿಂಗ್ ಬಿಟ್ರೆ ಖಾಲಿ."

"ಯಾರು ಬದಲಾಯಿಸಿದ್ದು?" ಎಂದ ಸುದರ್ಶನ. ಲಾಸ್ಯಳ ಕಡೆ ತಿರುಗುತ್ತಲೇ ಅವನ ಹುಬ್ಬು ಮೇಲೇರಿತು. "ತಡಿ, ತಡಿ. ಪಾತ್ ಬದಲಾಯಿಸ್ತೀನಿ ಅಂತ ನನ್ನ ಹತ್ರ ಬಂದಿದ್ದು ನೀನೇ ಅಲ್ವಾ?"

"ಬಂದಿದ್ದೆ ಸರ್. ಆದ್ರೆ ಮಾಡ್ಲಿಲ್ಲ. ಮಹಾಂತೇಶ್ ಸರ್ ಬೇಡ ಅಂದ್ರು."

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಹೌದೇ ಅಳಿಯಂದ್ರೇ?" ಎಂದರು ವೃಷಭೇಂದ್ರಪ್ಪನವರು.

ಮಹಾಂತೇಶ ಆ ಕೋಣೆಯಲ್ಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದ. ಮಾವ, ಹೆಂಡತಿ, ನಾದಿನಿ, ಮಾಲೀಕ. ಹೊರಗೆ ಎರಡು ವಾಲಗಗಳು ಎರಡು ರಾಗ ಊದುತ್ತಿದ್ದವು.

"ಬೇಡ ಅಂತಾನೇ ಹೇಳಿದ್ದೆ" ಎಂದ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. "ಆಮೇಲೆ ಅವಳು ಏನು ಮಾಡಿದ್ಲೋ, ನನಗೆ ಗೊತ್ತಿಲ್ಲ."

ಜನ್ಮದಲ್ಲಿ ಮೊದಲ ಸಲ ಆಡಿದ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಲಾಸ್ಯ ತಲೆಯೆತ್ತಿ ಅವನನ್ನು ನೋಡಿದಳು. ಆಮೇಲೆ ಲ್ಯಾಪ್‌ಟಾಪನ್ನು ಅವನಿಗೆ ಮಾತ್ರ ಕಾಣುವಷ್ಟು ಸ್ವಲ್ಪ ತಿರುಗಿಸಿದಳು. ಪರದೆಯ ಮೇಲೆ ಅವನ ಹೆಸರು ಒಂದು ಹೆಚ್ಚುವರಿ 'ಎ' ಮತ್ತು ಒಂದು ಹೆಚ್ಚುವರಿ 'ಎಚ್' ಸಮೇತ ಇತ್ತು. ಅವನ ಮಾವನ ಕಡೆಗೊಮ್ಮೆ ತಿರುಗಿಸಿದ್ದರೆ ಸಾಕಿತ್ತು. ಆ ಸ್ಪೆಲಿಂಗನ್ನು ಆ ಮನೆಯಲ್ಲಿ ಗುರುತಿಸದವರು ಯಾರೂ ಇರಲಿಲ್ಲ. ಅವಳು ಹಾಗೆ ಮಾಡಲಿಲ್ಲ. ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು ಕೆಲಸ ಶುರುಮಾಡಿದಳು.

ಎರಡು ಫೋಲ್ಡರುಗಳ ಬುಕಿಂಗುಗಳನ್ನು ಒಂದು ಮಾಡಿದಳು. ಪಾತನ್ನು ಕಡೆಗೂ ವೇರಿಯಬಲ್ಲಿನಲ್ಲಿ ಇಟ್ಟಳು. ಡಿಕ್ಕಿ ಹೊಡೆಯುವ ಮುಹೂರ್ತಗಳು ಇನ್ನೂ ಬೇಕಾದಷ್ಟಿದ್ದವು. ಅವನ್ನೆಲ್ಲ ಗುರುತು ಮಾಡಿ, ಯಾವ ಯಾವ ಮನೆಗೆ ಫೋನ್ ಮಾಡಬೇಕೆಂದು ರೇವಣಸಿದ್ದನಿಗೆ ಹೇಳಿಕೊಟ್ಟಳು. ಉಳಿದ ಮದುವೆಗಳು ಉಳಿದುಕೊಂಡವು. ಅವಳು ಹೊರಡುವಾಗ ವಾಣಿ, "ಊಟ ಮಾಡ್ಕೊಂಡು ಹೋಗಮ್ಮ" ಎಂದಳು. "ಇಲ್ಲ ಮೇಡಂ, ಲೇಟಾಗುತ್ತೆ" ಎಂದು ಲಾಸ್ಯ ಸ್ಕೂಟಿ ಹತ್ತಿದಳು.

ನಿಶ್ಚಿತಾಳ ಮದುವೆ ನಲ್ಲಿಗಳ ಮುಂದೆಯೇ ನಡೆಯಿತು. ಈಗಲೂ ಆ ಆಲ್ಬಮ್ ತೆರೆದರೆ ವಧೂವರರ ಪಕ್ಕದಲ್ಲಿ ಯಾರೋ ಕೈ ತೊಳೆಯುತ್ತಿರುತ್ತಾರೆ. ಮಾಂಗಲ್ಯಧಾರಣೆಯ ಚಿತ್ರದಲ್ಲಂತೂ ಸಾಂಬಾರಿನ ಬಕೆಟ್ಟು ಹಿಡಿದವನೊಬ್ಬ ನಡುವೆ ನಿಂತು ಕ್ಯಾಮೆರಾ ನೋಡಿ ನಗುತ್ತಿದ್ದಾನೆ. ಬಂದವರೆಲ್ಲ ಊಟ ಚೆನ್ನಾಗಿತ್ತು ಎಂದರು. ನಿಶ್ಚಿತಾ ಏನೂ ಅನ್ನಲಿಲ್ಲ. ಅಂದಿದ್ದರೆ ಮಹಾಂತೇಶನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಸೋಮವಾರ ಸುದರ್ಶನ ಮಂಟಪದ ಟ್ರಸ್ಟಿಗೆ ಕ್ಷಮಾಪಣೆ ಬರೆದ. ತಪ್ಪಿಗೆ ಕಾರಣರಾದ ಸಿಬ್ಬಂದಿಯನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಅದರಲ್ಲಿ ಒಂದು ಸಾಲು. ಆ ಸಾಲನ್ನು ನಿಜ ಮಾಡಲು ಲಾಸ್ಯಳನ್ನು ತೆಗೆದ. ಅವಳು ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಎಲ್ಲರಿಗೂ ಹೇಳಿ, ಮಹಾಂತೇಶನ ಹತ್ತಿರವೂ ಬಂದು, "ಬರ್ತೀನಿ ಸರ್" ಎಂದಳು. ಅವನು ಆ ಹೊತ್ತಿಗೆ ಬಹಳ ಮುಖ್ಯವಾದುದನ್ನು ಟೈಪ್ ಮಾಡುತ್ತಿದ್ದ. ಏನು ಟೈಪ್ ಮಾಡಿದೆನೆಂದು ಆಮೇಲೆ ನೋಡಿದರೆ ಪರದೆಯ ತುಂಬ ಒಂದೇ ಅಕ್ಷರ ಇತ್ತು.

ಮುಂದಿನ ತಿಂಗಳು ಅವನನ್ನು ಟೆಕ್ನಿಕಲ್ ಹೆಡ್ ಮಾಡಿದರು. ಸುದ್ದಿ ಕೇಳಿ ವಾಗೀಶರು ಬೇಕರಿಯಿಂದ ಬಿಸಿ ಬನ್ನು ಕಳಿಸಿದರು. ಗಾಜಿನ ಕೋಣೆಯಲ್ಲಿ ಕೂತ ಮೇಲೆ ಗೊತ್ತಾಯಿತು, ಗಾಜಿನ ಕೋಣೆಯಿಂದ ಎಲ್ಲರ ಮೇಜೂ ಕಾಣುತ್ತದೆ, ಖಾಲಿ ಇರುವುದು ಹೆಚ್ಚು ಕಾಣುತ್ತದೆ ಎಂದು. ಊಟ ಸೇರದೆ ಹೋಯಿತು. ಇಂದ್ರಮ್ಮ ಕಾಂಪೌಂಡಿನ ಆ ಕಡೆಯಿಂದ, "ಪ್ರಮೋಷನ್ ಆದ್ಮೇಲೆ ಬಾಳ ಇಳಿದೋಗಿದ್ದೀಯ ಕಣಪ್ಪ, ತಲೆ ಉಪಯೋಗ ಜಾಸ್ತಿ" ಎಂದು ಮರುಗಿದರು.

ಒಂದು ದಿನ ತಡೆಯಲಾರದೆ ಅವನು ಸುದರ್ಶನನ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿಬಿಟ್ಟ. ಶನಿ, 'ಎ', 'ಎಚ್', ರಾಹುಕಾಲ, ಒಂದನ್ನೂ ಬಿಡಲಿಲ್ಲ. ಸುದರ್ಶನ ಮೊದಲು ನಕ್ಕ, ಆಮೇಲೆ ಎದ್ದು ಬಾಗಿಲು ಹಾಕಿದ.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ. ಅವಳನ್ನ ವಾಪಸ್ ಕರೀರಿ ಸರ್. ನನ್ನನ್ನ ಬೇಕಾದ್ರೆ ತೆಗೀರಿ."

"ಮಹಾಂತೇಶ್, ಟ್ರಸ್ಟ್‌ನವರಿಗೆ ಬರೆದಾಗಿದೆ. ಈಗ ಹೋಗಿ, ಅವಳಲ್ಲ ಸ್ವಾಮಿ, ನಮ್ಮ ಹೆಡ್ಡೇ ಮಾಡಿದ್ದು ಅಂದ್ರೆ ನಾಳೆಯಿಂದ ಯಾರು ನಮಗೆ ಕೆಲಸ ಕೊಡ್ತಾರೆ? ಆಗಿದ್ದಾಯ್ತು. ಹೋಗಿ, ಒಂದು ಕಾಫಿ ಕುಡೀರಿ."

ಮಹಾಂತೇಶ ಹೋದ. ಕಾಫಿಗಲ್ಲ. ಲಾಸ್ಯಳಿಗೆ ಮೇಟಗಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿದೆಯೆಂದು ಯಾರೋ ಹೇಳಿದ್ದರು. ಆ ಕಂಪನಿಯ ಗೇಟಿನಲ್ಲಿ ಅವಳ ಹೆಸರು ಹೇಳಿ, ಸಂಜೆ ಬಿಸಿಲಿನಲ್ಲಿ ಕಾದು ನಿಂತ. ಗೇಟಿನ ಕಾವಲುಗಾರ ಅವನನ್ನು ಹೆಣ್ಣು ನೋಡಲು ಬಂದ ಗಂಡಿನ ಕಡೆಯವನೆಂದು ತಿಳಿದು ಕುರ್ಚಿ ಹಾಕಿಕೊಟ್ಟು, ಹುಡುಗಿಯ ಗುಣವನ್ನು ಬಾಯ್ತುಂಬ ಹೊಗಳತೊಡಗಿದ. ಒಳ್ಳೆ ಹುಡುಗಿ ಸಾರ್, ಸುಳ್ಳು ಅಂದ್ರೆ ಆಗದು ಅಂದ. ಮಹಾಂತೇಶ ಕುರ್ಚಿಯಿಂದ ಎದ್ದು ನಿಂತುಕೊಂಡ.

ಲಾಸ್ಯ ಇಬ್ಬರು ಗೆಳತಿಯರ ಜೊತೆ ಹೊರಗೆ ಬಂದಳು. ಅವನನ್ನು ನೋಡಿ ಒಂದು ಕ್ಷಣ ನಿಂತಳು.

"ನೀವು ಹೋಗ್ತಿರಿ, ಬಂದೆ" ಎಂದು ಗೆಳತಿಯರಿಗೆ ಹೇಳಿದಳು. "ಇವರು ನನ್ನ ಹಳೇ ಆಫೀಸಿನವರು."

ಮಹಾಂತೇಶ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಉದುರಿಹೋಗಿತ್ತು. "ತಪ್ಪಾಯ್ತು ಕಣಮ್ಮ" ಎಂದ. "ಅವತ್ತು ನಾನು ಹೇಳ್ಬೇಕಿತ್ತು. ಇವತ್ತು ಸುದರ್ಶನ್ ಸರ್‌ಗೆ ಹೇಳ್ದೆ. ಅವರು..."

"ಗೊತ್ತು ಸರ್. ಬರೆದಾಗಿದೆ ಅಂದಿರ್ತಾರೆ."

"ನೀನ್ಯಾಕಮ್ಮ ಅವತ್ತು ತೋರಿಸ್ಲಿಲ್ಲ? ಎಲ್ಲಾ ನಿನ್ನ ಕೈಲೇ ಇತ್ತಲ್ಲ."

ಲಾಸ್ಯ ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡುತ್ತಿದ್ದಳು. "ಮದುಮಗಳು ಅಲ್ಲೇ ನಿಂತಿದ್ರು ಸರ್. ಇನ್ನೊಂದು ರಂಪ ಯಾಕೆ ಅಂತ ಸುಮ್ನಾದೆ. ನೀವೇ ಹೇಳ್ತೀರಿ ಅಂದ್ಕೊಂಡೆ. ಸೋಮವಾರ ಹೇಳ್ತೀರಿ ಅಂದ್ಕೊಂಡೆ. ಬ್ಯಾಗ್ ತಗೊಂಡು ನಿಮ್ಮ ಟೇಬಲ್ ಹತ್ರ ಬಂದಾಗಲೂ ಹಂಗೇ ಅಂದ್ಕೊಂಡಿದ್ದೆ."

ರಸ್ತೆಯಲ್ಲಿ ಕೆ.ಆರ್.ಎಸ್ ಕಡೆಯ ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು.

"ಭಾನುವಾರ ಮನೆಗೆ ಊಟಕ್ಕೆ ಬಾರಮ್ಮ" ಎಂದ ಮಹಾಂತೇಶ. ಅವನಿಗೆ ಕೊಡಲು ಬೇರೇನೂ ತೋಚಲಿಲ್ಲ.

"ಬೇಡ ಸರ್" ಎಂದಳು ಲಾಸ್ಯ. ಸಿಟ್ಟಿರಲಿಲ್ಲ. ಸ್ಕೂಟಿ ಹತ್ತಿ, ತಿರುವಿನಲ್ಲಿ ಕೈ ತೋರಿಸಿ, ಜಾಗರೂಕತೆಯಿಂದ ಹೊರಟುಹೋದಳು.

ಮನೆಗೆ ಬಂದು ಮಹಾಂತೇಶ ಅಡುಗೆಮನೆಯ ಬಾಗಿಲಲ್ಲಿ ನಿಂತು ವಾಣಿಗೆ ಎಲ್ಲವನ್ನೂ ಹೇಳಿದ. ಅವಳು ಅವರೆಕಾಳು ಹಿಚುಕುತ್ತ ಕೇಳಿಸಿಕೊಂಡಳು. ಕೈ ಒಮ್ಮೆಯೂ ನಿಲ್ಲಲಿಲ್ಲ.

"ಆ ಹುಡುಗಿನ ಒಂದಿನ ಮನೆಗೆ ಕರೀರಿ" ಎಂದಳು ಕಡೆಗೆ. "ಕೂರಿಸಿ ಊಟ ಹಾಕೋಣ."

"ಕರೆದೆ ಕಣೆ. ಬೇಡ ಅಂದ್ಲು."

ವಾಣಿ ಸಿಪ್ಪೆಯನ್ನೆಲ್ಲ ಒಟ್ಟುಮಾಡಿ ಮೊರಕ್ಕೆ ಹಾಕಿಕೊಂಡು ಎದ್ದಳು.

"ನಾನಾಗಿದ್ರೂ ಬರ್ತಿರ್ಲಿಲ್ಲ ಬಿಡಿ" ಎಂದಳು.